ಉದ್ಯಾನದಲ್ಲಿ ಓದು, ಹೋಟೆಲಿನಲ್ಲಿ ರಜೆ

ಕಳೆದ ಮಳೆಗಾಲ ಮುಗಿದ ಮೇಲೆ ಒಂದು ದಿನ ನಮ್ಮ ಉಪಾಹಾರ ಗೃಹದ ಹುಡುಗನೊಬ್ಬನು ಗಲ್ಲೆಯ ಬಳಿ ಬಂದು, ವಾರದ ಕೊನೆಯಲ್ಲಿ ಎರಡು ಗಂಟೆಗಳ ಬಿಡುವು ಬೇಕೆಂದು ಕೇಳಿದನು. ಊರಿನಿಂದ ಯಾರಾದರೂ ಬರುವವರಿದ್ದಾರೆಯೇ ಎಂದು ವಿಚಾರಿಸಿದೆವು. ಇಲ್ಲವೆಂದನು. ಮೈಯಲ್ಲಿ ಸ್ವಸ್ಥವಿಲ್ಲವೇ ಎಂದೆವು. ಅದೂ ಅಲ್ಲ. ಜುಹೂವಿನ ಉದ್ಯಾನವೊಂದರಲ್ಲಿ ಹತ್ತಾರು ಜನರು ಕೂಡಿ ಕುಳಿತು ಪುಸ್ತಕ ಓದುತ್ತಾರಂತೆ, ತಾನೂ ಹೋಗಿ ಓದಬೇಕು ಎಂದನು. ನಮಗೆ ನಗು ಬಂದಿತು. ಶನಿವಾರ ಭಾನುವಾರಗಳೆಂದರೆ ಹೋಟೆಲಿನವನಿಗೆ ಸುಗ್ಗಿ. ಹೊರಗೆ ಗಿರಾಕಿಗಳು ಸಾಲುಗಟ್ಟಿರುವಾಗ ಒಳಗೆ ಒಂದು ಕೈ ಕಡಮೆಯಾದರೂ ನಡೆಯದು. ಓದುವುದಕ್ಕೆ ಮಂಗಳವಾರವಿಲ್ಲವೇ ಎಂದು ಹೇಳಿ ಕಳುಹಿಸಿದೆವು. ಅವನು ಮರುಮಾತಾಡದೆ ಟೇಬಲು ಒರೆಸಲು ಹೋದನು.

ಆ ರಾತ್ರಿ ಲೆಕ್ಕ ಮುಗಿಸಿ ಬಾಗಿಲು ಹಾಕುವಾಗ ನಮ್ಮ ಮಾತು ನಮಗೇ ಚುಚ್ಚತೊಡಗಿತು. ಎಸ್.ಎಸ್.ಎಲ್.ಸಿ. ಮುಗಿಸಿ ಈ ಮಹಾನಗರಕ್ಕೆ ಬಂದು ಲೋಟ ತೊಳೆಯುತ್ತಿದ್ದ ದಿನಗಳಲ್ಲಿ, ನಡುರಾತ್ರಿ ಅಡಿಗೆಮನೆಯ ದೀಪದಡಿಯಲ್ಲಿ ಕಾದಂಬರಿ ಹಿಡಿದು ಕುಳಿತ ನಮ್ಮನ್ನು ಅಂದಿನ ಧಣಿಗಳು, ಕರೆಂಟಿನ ಬಿಲ್ಲು ನಿನ್ನಪ್ಪ ಕೊಡುವನೇ ಎಂದು ಗದರಿಸಿದ್ದರು. ಅದನ್ನು ನಾವು ಇಂದಿಗೂ ಮರೆತಿಲ್ಲ. ಈಗ ಗಲ್ಲೆಯ ಮೇಲೆ ಕುಳಿತವರು ನಾವು. ಮೇಲಾಗಿ ಪತ್ರಿಕೆಯನ್ನೂ ನಡೆಸುತ್ತಿದ್ದೇವೆ. ಓದಿರಿ, ಓದಿರಿ ಎಂದು ದಿನವೂ ವಾಚಕರಿಗೆ ಬೋಧಿಸುವವರು!

ಆದುದರಿಂದ ಮುಂದಿನ ವಾರಾಂತ್ಯದಲ್ಲಿ ನಾವೇ ಹೋಗಿ ನೋಡಿ ಬಂದೆವು. ಉರ್ದು ಕವಿ ಕೈಫಿ ಆಜ್ಮಿಯವರ ಹೆಸರನ್ನು ಹೊತ್ತ ಉದ್ಯಾನವದು. ಹುಲ್ಲಿನ ಮೇಲೆ ಚಾದರಗಳನ್ನು ಹಾಸಿಕೊಂಡು ಗಂಡಸರೂ ಹೆಂಗಸರೂ ತಮ್ಮ ತಮ್ಮ ಪುಸ್ತಕಗಳಲ್ಲಿ ಮುಳುಗಿದ್ದರು. ವೇದಿಕೆಯಿಲ್ಲ, ಹಾರವಿಲ್ಲ, ಅಧ್ಯಕ್ಷರಿಲ್ಲ, ಧ್ವನಿವರ್ಧಕವಂತೂ ಮೊದಲೇ ಇಲ್ಲ. ನಮ್ಮವರ ಸಾಹಿತ್ಯ ಸಭೆಗಳಲ್ಲಿ ಸ್ವಾಗತ ಭಾಷಣ ಮುಗಿಯುವಷ್ಟರಲ್ಲಿ ಇಲ್ಲಿ ಒಬ್ಬೊಬ್ಬರು ಇಪ್ಪತ್ತು ಪುಟ ಓದಿರುತ್ತಾರೆ. ಒಬ್ಬ ಮಹಾಶಯರು ಪುಸ್ತಕವನ್ನು ಎದೆಯ ಮೇಲೆ ಕವುಚಿಟ್ಟುಕೊಂಡು ಸುಖವಾಗಿ ನಿದ್ರಿಸುತ್ತಿದ್ದರು. ಅವರನ್ನು ಯಾರೂ ಎಬ್ಬಿಸಲಿಲ್ಲ. ನಾವು ಒಯ್ದಿದ್ದುದು ಚಿತ್ತಾಲರು 1979ರಲ್ಲಿ ಪ್ರಕಟಿಸಿದ ‘ಶಿಕಾರಿ’. ಮುಂಬಯಿಯ ಕಥೆಯನ್ನು ಮುಂಬಯಿಯ ಮರದಡಿಯಲ್ಲಿ ಕನ್ನಡದಲ್ಲಿ ಓದುವ ಸೊಗಸೇ ಬೇರೆ.

ಅಲ್ಲಿ ನಮಗೆ ಹೆಚ್ಚಾಗಿ ದೊರೆತದ್ದು ಓದಿಗಿಂತ ಮೌನ. ಹೋಟೆಲಿನ ಕೆಲಸಗಾರನ ಕಿವಿ ಬೆಳಗಿನ ಜಾವದಿಂದ ವಿರಾಮವಿಲ್ಲದೆ ದುಡಿಯುತ್ತದೆ. ಗ್ರೈಂಡರಿನ ಗರಗರ, ತಟ್ಟೆಗಳ ಸದ್ದು, ಎರಡು ಮಸಾಲೆ ಒಂದು ಸ್ಪೆಷಲ್ ಎಂಬ ಕೂಗು, ಗಿರಾಕಿಯ ಸಿಡಿಮಿಡಿ. ರಾತ್ರಿ ಮಲಗಿದ ಮೇಲೂ ಅದೇ ಸದ್ದು ತಲೆಯೊಳಗೆ ತಿರುಗುತ್ತಿರುತ್ತದೆ. ಕಾಲಿನ ನೋವಿಗೆ ಎಣ್ಣೆಯುಂಟು, ಈ ನೋವಿಗೆ ಏನುಂಟು? ಎರಡು ಗಂಟೆಗಳ ಕಾಲ ಯಾರೂ ನಮ್ಮನ್ನು ಕರೆಯಲಿಲ್ಲ. ಆರೋಗ್ಯಕ್ಕೆಂದು ಜನರು ಸಾವಿರಾರು ರೂಪಾಯಿ ತೆತ್ತು ಶಿಬಿರಗಳಿಗೆ ಹೋಗುವ ಕಾಲದಲ್ಲಿ ಇದು ಪುಕ್ಕಟೆಯಾಗಿ ದೊರೆಯುತ್ತಿದೆ.

ಈ ಪದ್ಧತಿ ನಮ್ಮ ಬೆಂಗಳೂರಿನಿಂದಲೇ ಬಂದಿತೆಂಬುದು ಹೆಮ್ಮೆಯ ಸಂಗತಿ. 2023ರ ಆರಂಭದಲ್ಲಿ ಇಬ್ಬರು ಸ್ನೇಹಿತರು ಕಬ್ಬನ್ ಉದ್ಯಾನದಲ್ಲಿ ಪುಸ್ತಕ ಹಿಡಿದು ಕುಳಿತರು. ಶನಿವಾರದಿಂದ ಶನಿವಾರಕ್ಕೆ ಗುಂಪು ಬೆಳೆಯಿತು. ಅದೇ ವರ್ಷ ಜುಹೂವಿಗೂ ದಿಲ್ಲಿಯ ಲೋಧಿ ಉದ್ಯಾನಕ್ಕೂ ಹಬ್ಬಿತು. ಶುಲ್ಕವಿಲ್ಲ, ಸದಸ್ಯತ್ವವಿಲ್ಲ. ಏಳುವ ಮುನ್ನ ಎಲ್ಲರ ಪುಸ್ತಕಗಳನ್ನೂ ಜೋಡಿಸಿಟ್ಟು ಒಂದು ಚಿತ್ರ ತೆಗೆದುಕೊಳ್ಳುವುದಷ್ಟೇ ಅವರ ಆಚಾರ. 1870ರಲ್ಲಿ ರಿಚರ್ಡ್ ಸ್ಯಾಂಕಿಯವರು ರೂಪಿಸಿದ ಆ ಉದ್ಯಾನದೊಳಗೇ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದ ಗ್ರಂಥಾಲಯವಿರುವುದನ್ನು ನೆನೆದರೆ, ಅಲ್ಲಿ ಮರಕ್ಕೂ ಪುಸ್ತಕಕ್ಕೂ ನಂಟು ಹಳೆಯದೇ.

ಮುಂಬಯಿಗೂ ಅಂಥ ನಂಟುಂಟು. ಕೋಟೆ ವಿಭಾಗದಲ್ಲಿ ಕಾಳಾ ಘೋಡಾದ ಎದುರು ಅದೇ 1870ರಲ್ಲಿ ಪೂರ್ತಿಗೊಂಡ ಡೇವಿಡ್ ಸಸೂನ್ ಗ್ರಂಥಾಲಯವಿದೆ. ಅದರ ಹಿಂದಿನ ತೋಟದಲ್ಲಿ, 1999ರಿಂದ ನಡೆದುಬಂದಿರುವ ಕಾಳಾ ಘೋಡಾ ಕಲಾ ಉತ್ಸವದ ಸಾಹಿತ್ಯ ಗೋಷ್ಠಿಗಳು ಜರಗಿವೆ, ಪ್ರವೇಶ ಉಚಿತ. ಅದರ ಕಮಾನುಗಳ ಮುಂದೆ ನಮ್ಮ ಎಷ್ಟೋ ಹುಡುಗರು ಚಹದ ಕೆಟಲು ಹಿಡಿದು ಓಡಾಡಿದ್ದಾರೆ, ಒಳಗೆ ಹೋದವರು ವಿರಳ. ದೊಡ್ಡವರ ಜಾಗವೆಂಬ ಅಂಜಿಕೆ. ಆದರೆ ಆ ಸಂಸ್ಥೆಯನ್ನು 1847ರಲ್ಲಿ ಕಟ್ಟಿದವರು ಟಂಕಸಾಲೆ ಮತ್ತು ಸರಕಾರಿ ಹಡಗುಕಟ್ಟೆಗಳಲ್ಲಿ ದುಡಿಯುತ್ತಿದ್ದ ತರುಣ ಮೆಕ್ಯಾನಿಕರು! ಕೈಗೆ ಮಸಿ ಮೆತ್ತಿದವರು ತಮಗಾಗಿ ಮಾಡಿಕೊಂಡ ಓದಿನ ಮನೆಯ ಮುಂದೆ ಹಿಟ್ಟು ಮೆತ್ತಿದ ಕೈಯವರು ಹಿಂಜರಿಯುವುದು ಸೋಜಿಗವಲ್ಲವೇ?

ಗುಮಾಸ್ತ ಬಂಧುಗಳಿಗೆ ಭಾನುವಾರವಾದರೂ ಇದೆ. ಲೋಕಲ್ ರೈಲಿನ ದಣಿವೊಂದು ಬಿಟ್ಟರೆ ಅವರಿಗೆ ನೆಪವಿಲ್ಲ. ಹೋಟೆಲಿನವರ ಮಾತು ಬೇರೆ. ಮಹಾರಾಷ್ಟ್ರದ 2017ರ ಅಂಗಡಿ ಕಾಯಿದೆಯು, ತನ್ನ ವ್ಯಾಪ್ತಿಗೆ ಬರುವ ಕಡೆ ಪ್ರತಿಯೊಬ್ಬನಿಗೂ ವಾರಕ್ಕೊಮ್ಮೆ ಸತತ 24 ಗಂಟೆಗಳ ವಿಶ್ರಾಂತಿಯನ್ನು ವಿಧಿಸಿದೆ. ಅದು ಭಾನುವಾರವೇ ಆಗಬೇಕೆಂದಿಲ್ಲ. ನಾವು ಮಾಲಿಕರು ಮಂಗಳವಾರವೋ ಬುಧವಾರವೋ ಕೊಟ್ಟು ಕೈತೊಳೆದುಕೊಳ್ಳುತ್ತೇವೆ. ಊರೆಲ್ಲ ಕೂಡುವ ದಿನ ಅವನು ಬಡಿಸುತ್ತಾನೆ. ಅವನಿಗೆ ಬಿಡುವಾದ ದಿನ ಉದ್ಯಾನದಲ್ಲಿ ಕಾಗೆಗಳು ಮಾತ್ರ. ಪ್ರವೇಶ ಉಚಿತವೆಂಬ ಫಲಕವು ಅವನ ಪಾಲಿಗೆ ಸುಳ್ಳು. ಆ ಶುಲ್ಕವನ್ನು ವಸೂಲು ಮಾಡುವವರು ನಾವೇ.

ಈಗ ನಮ್ಮಲ್ಲಿ ಸರದಿಯ ಪಟ್ಟಿಯೊಂದನ್ನು ಗೋಡೆಗೆ ಅಂಟಿಸಿದ್ದೇವೆ. ಪ್ರತಿಯೊಬ್ಬನಿಗೂ ತಿಂಗಳಿಗೊಮ್ಮೆ ವಾರಾಂತ್ಯದ ರಜೆ. ಇದರಿಂದ ನಷ್ಟವಿಲ್ಲವೆಂದರೆ ಸುಳ್ಳಾದೀತು. ಜನಸಂದಣಿಯ ಹೊತ್ತಿನಲ್ಲಿ ನಾವೇ ಗಲ್ಲೆಯಿಂದಿಳಿದು ನೀರಿನ ಲೋಟ ಇಡುತ್ತಿದ್ದೇವೆ. ಕಳೆದ ವಾರ ಸಾಂಬಾರು ಚೆಲ್ಲಿ ಗಿರಾಕಿಯೊಬ್ಬರಿಂದ ಬೈಸಿಕೊಂಡದ್ದೂ ಆಯಿತು.

ಮೊದಲ ಸರದಿ ಆ ಹುಡುಗನದೇ. ಹೋಗಿ ಬಂದವನು ಹೇಗಿತ್ತೆಂದು ಹೇಳಲಿಲ್ಲ; ನಮ್ಮ ‘ಶಿಕಾರಿ’ಯನ್ನು ಓದಲು ಕೊಡುವಿರಾ ಎಂದಷ್ಟೇ ಕೇಳಿದನು. ಮುಂದಿನ ಸರದಿ ದೋಸೆ ಭಟ್ಟರದು. ನಾಲ್ಕನೆಯ ತರಗತಿ ಬಿಟ್ಟ ಮೇಲೆ ಪುಸ್ತಕ ಮುಟ್ಟದ ಅವರು, ಅಲ್ಲಿ ಮಲಗಲು ಅಡ್ಡಿಯಿಲ್ಲವಷ್ಟೆ ಎಂದು ವಿಚಾರಿಸಿದ್ದಾರೆ. ಎದೆಯ ಮೇಲೆ ಒಂದು ಪುಸ್ತಕವಿದ್ದರೆ ಸಾಕೆಂದು ತಿಳಿಸಿದ್ದೇವೆ.