ಕಾಣದ ಆಳಕ್ಕೆ ಕಂಪನವೇ ಸಾಕ್ಷಿ

ಮುಂಗಾರಿನ ಮೊದಲ ಮಳೆ ಬಿದ್ದೊಡನೆ ಜೊನ್ನಗಿರಿ, ತುಗ್ಗಲಿ, ಪತ್ತಿಕೊಂಡದ ಸುತ್ತಲಿನ ಹೊಲಗಳಲ್ಲಿ ಜನರು ತಲೆ ಬಗ್ಗಿಸಿ ವಜ್ರವನ್ನು ಅರಸುವುದು ನಮ್ಮ ಸೀಮೆಗೆ ಹೊಸ ನೋಟವಲ್ಲ. ದೊರೆತವರು ಕೆಲವರು, ಕೂಲಿ ಬಿಟ್ಟು ಬಂದು ಬರಿಗೈಯಲ್ಲಿ ಮರಳುವವರು ಬಹುಮಂದಿ. ಆ ಹರಳು ಹೊಲಕ್ಕೆ ಬಂದುದು ಹೇಗೆಂದು ಮಕ್ಕಳು ಕೇಳಿದರೆ ನಾವೇನು ಹೇಳಬೇಕು?

ವಜ್ರವು ಹುಟ್ಟುವುದು ಸಾಮಾನ್ಯವಾಗಿ 150 ಕಿ.ಮೀ.ಗೂ ಹೆಚ್ಚಿನ ಆಳದಲ್ಲಿ, ಮ್ಯಾಂಟಲ್ ಎಂಬ ಪದರದ ಅಪಾರ ಒತ್ತಡದಲ್ಲಿ. ಸುಮಾರು 110 ಕೋಟಿ ವರ್ಷಗಳ ಹಿಂದೆ ಅನಂತಪುರ ಜಿಲ್ಲೆಯ ವಜ್ರಕರೂರಿನ ನೆಲದಡಿಯಿಂದ ಕಿಂಬರ್ಲೈಟ್ ಶಿಲಾರಸವು ವಜ್ರಗಳನ್ನು ಹೊತ್ತು ಮೇಲಕ್ಕೆ ನುಗ್ಗಿತು. ಅಂಥ ಶಿಲೆಯು ಸವೆದಂತೆ ಹರಳುಗಳು ಮಣ್ಣಿಗೂ ಹಳ್ಳದ ಗರಸಿಗೂ ಸೇರುತ್ತವೆ.

ಆ ಆಳವನ್ನು ಕಣ್ಣಾರೆ ಕಂಡವರಿಲ್ಲ. ಭೂಮಿಯ ಕೇಂದ್ರವು 6,371 ಕಿ.ಮೀ. ಕೆಳಗಿದೆ, ರಷ್ಯದ ಕೋಲಾದಲ್ಲಿ ಕೊರೆದ ರಂಧ್ರವು ಮುಟ್ಟಿದ್ದು 12 ಕಿ.ಮೀ. ಚಿಲ್ಲರೆ ಮಾತ್ರ. ಪ್ರತ್ಯಕ್ಷದರ್ಶಿ ಇಲ್ಲದ ಮೊಕದ್ದಮೆಯಲ್ಲಿ ವಕೀಲರು ಸಾಂದರ್ಭಿಕ ಸಾಕ್ಷ್ಯವನ್ನು ಕೊಂಡಿಗೆ ಕೊಂಡಿ ಸೇರಿಸಿ ನೋಡುತ್ತೇವೆ. ಭೂಭೌತವಿಜ್ಞಾನಿಯ ಕ್ರಮವೂ ಅದೇ. ಅಲ್ಲಿ ಸಾಕ್ಷಿ ನುಡಿಯುವುದು ಭೂಕಂಪದ ಅಲೆ.

ಭಾರತದ ಭೂವೈಜ್ಞಾನಿಕ ಸಮೀಕ್ಷೆಯಲ್ಲಿದ್ದ ರಿಚರ್ಡ್ ಓಲ್ಡ್‌ಹ್ಯಾಮ್ 1897ರ ಅಸ್ಸಾಂ ಭೂಕಂಪವನ್ನು ಅಭ್ಯಸಿಸಿ ಅಲೆಗಳ ಬಗೆಗಳನ್ನು ಬೇರ್ಪಡಿಸಿದರು. 1906ರಲ್ಲಿ ಭೂಮಿಗೆ ಕೇಂದ್ರಗೋಳವಿದೆಯೆಂದು ವಾದಿಸಿದರು. ಅದು ಸುಮಾರು 2,900 ಕಿ.ಮೀ. ಆಳದಲ್ಲಿ ಆರಂಭವಾಗುತ್ತದೆಂದು 1914ರಲ್ಲಿ ಲೆಕ್ಕ ಕೊಟ್ಟ ಬೆನೊ ಗುಟೆನ್‌ಬರ್ಗ್ ಆಗಿನ್ನೂ ಇಪ್ಪತ್ತೈದರ ಆಸುಪಾಸಿನ ತರುಣ. ಅದರೊಳಗೆ ಇನ್ನೊಂದು ಗೋಳವಿದೆಯೆಂದು 1936ರಲ್ಲಿ ತೋರಿಸಿದವರು ಡೆನ್ಮಾರ್ಕಿನ ಇಂಗೆ ಲೇಮನ್ ಎಂಬ ಮಹಿಳೆ.

ಈ ವಿದ್ಯೆಯು ನಮ್ಮಿಂದ ದೂರವಿಲ್ಲ. ಭೂಗರ್ಭದ ಅಣುಸ್ಫೋಟಗಳನ್ನು ಗುರುತಿಸಲು 1960ರ ದಶಕದಲ್ಲಿ ಗೌರಿಬಿದನೂರಿನಲ್ಲಿ ನೆಟ್ಟ ಕಂಪನಮಾಪಕಗಳ ಸಾಲು ಭೂಮಿಯ ಆಳದ ಅಧ್ಯಯನಕ್ಕೂ ನೆರವಾಯಿತು. 1961ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯು ಹೈದರಾಬಾದಿನಲ್ಲಿದೆ. ಅದರ ವಿಜ್ಞಾನಿಗಳು 1970ರ ದಶಕದಲ್ಲಿ ಕಾವಲಿಯಿಂದ ಉಡುಪಿಯವರೆಗೆ, ಸುಮಾರು 600 ಕಿ.ಮೀ. ಉದ್ದಕ್ಕೆ, ಸ್ಫೋಟದ ಅಲೆಗಳಿಂದ ನೆಲದಾಳವನ್ನು ಅಳೆದರು. ಆಂಧ್ರ–ಕರ್ನಾಟಕಗಳ ಗಡಿಯು ಭೂಪಟದ ಮೇಲಿದೆ. ಅಡಿಯ ಬಂಡೆಗೆ ಅದರ ಪರಿವೆಯಿಲ್ಲ.

ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದ ಮಗುವಿಗೆ ಇಂಥ ವಿಜ್ಞಾನವು ತನಗೆ ಸಲ್ಲದೆಂಬ ಅಳುಕು ಹುಟ್ಟುವುದುಂಟು. ಅದನ್ನು ಕಳೆಯಲು ದುಬಾರಿ ಉಪಕರಣ ಬೇಡ. ಹತ್ತು ಮಕ್ಕಳು ಮುಂದಿನವರ ಹೆಗಲ ಮೇಲೆ ಕೈಯಿಟ್ಟು ಸಾಲಾಗಿ ನಿಲ್ಲಲಿ. ಹಿಂದಿನವನನ್ನು ಮೆಲ್ಲನೆ ನೂಕಿದರೆ ಆ ನೂಕು ಮುಂದೆ ಸಾಗುತ್ತದೆ: ಅದು ಪ್ರಾಥಮಿಕ ಅಲೆ. ಹಗ್ಗವನ್ನು ಹಿಡಿದು ಅಡ್ಡಕ್ಕೆ ಜಾಡಿಸಿದರೆ ದ್ವಿತೀಯಕ ಅಲೆ. ಇಂಥದು ದ್ರವದೊಳಗೆ ಸಾಗದು. ಆದುದರಿಂದಲೇ ಹೊರ ಕೇಂದ್ರಗೋಳವು ದ್ರವವೆಂಬ ತೀರ್ಮಾನ. ನಾಗಲದಿನ್ನೆಯ ಶಾಲೆಯಂಗಳದಲ್ಲಿಯೂ ಈ ಪಾಠವನ್ನು ಮಾಡಬಹುದು.

ಸೆಪ್ಟೆಂಬರ್ 26, ಸಿಎಸ್‌ಐಆರ್ ಸ್ಥಾಪನಾ ದಿನ. ಆ ಸುಮಾರಿಗೆ ಅದರ ಪ್ರಯೋಗಾಲಯಗಳು ಸಾರ್ವಜನಿಕರಿಗೆ ಬಾಗಿಲು ತೆರೆಯುವುದು ವಾಡಿಕೆ. ಪಾಲಕರೂ ಶಿಕ್ಷಕರೂ ಮುಂಚಿತವಾಗಿ ವಿಚಾರಿಸಿ ಮಕ್ಕಳನ್ನು ಹೈದರಾಬಾದಿಗೆ ಕರೆದೊಯ್ಯಲಿ. ಕನ್ನಡ ಬಲ್ಲ ಯುವ ಸಂಶೋಧಕರು ನಮ್ಮ ಶಾಲೆಗಳಿಗೆ ಬಂದು ಮಕ್ಕಳ ನುಡಿಯಲ್ಲೇ ಮಾತನಾಡಲಿ. ಹೊಲದಲ್ಲಿ ವಜ್ರವು ಎಲ್ಲರಿಗೂ ಸಿಗದು. ಅದು ಬಂದ ದಾರಿಯನ್ನು ಅರಿಯುವ ಹಕ್ಕು ಮಾತ್ರ ಪ್ರತಿಯೊಂದು ಮಗುವಿಗೂ ಉಂಟು.