ಬೇಡ ಎಂದ ಮೇಲೆ ಅವನು ಎಲ್ಲಿರುತ್ತಾನೆ?

ಲಂಡನ್ನಿನ ನೈರುತ್ಯಕ್ಕಿರುವ ಸರ್ರೆ ಪ್ರಾಂತ್ಯದಲ್ಲಿ ಚೆರ್ಟ್ಸಿ ಎಂಬ ಊರಿದೆ. ಅದರ ಹತ್ತಿರ ಸಿಲ್ವರ್‌ಲ್ಯಾಂಡ್ಸ್ ಎಂಬ ಹಳೆಯ ಬಂಗಲೆ. ಹಿಂದೊಮ್ಮೆ ನರ್ಸಿಂಗ್ ಶಾಲೆಯಾಗಿದ್ದ ಆ ಕಟ್ಟಡದಲ್ಲಿ, ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದವರಿಗಾಗಿ ವಸತಿ ಕ್ಲಿನಿಕ್ ತೆರೆಯುವ ಯೋಜನೆ ಬ್ರಿಟನ್ನಿನ ಗೃಹ ಇಲಾಖೆಯ ಮುಂದಿತ್ತು. ಸುದ್ದಿ ಹಬ್ಬಿದ್ದೇ ತಡ, ಊರಿಗೆ ಊರೇ ಎದ್ದು ನಿಂತಿತು. ಜನ ಬಂಗಲೆಯ ಗೇಟಿನ ಮುಂದೆ ಸೇರಿ ಪ್ರತಿಭಟಿಸಿದರು. 2002ರಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು.

ಆ ತಂದೆತಾಯಿಯರನ್ನು ತಿಳಿವಳಿಕೆ ಇಲ್ಲದವರೆಂದು ತಳ್ಳಿಹಾಕುವುದು ಅನ್ಯಾಯ. ಎರಡು ವರ್ಷದ ಹಿಂದಷ್ಟೇ, 2000ದ ಜುಲೈನಲ್ಲಿ, ಪಕ್ಕದ ಸಸೆಕ್ಸ್‌ನಲ್ಲಿ ಎಂಟು ವರ್ಷದ ಸಾರಾ ಪೇನ್ ಎಂಬ ಬಾಲಕಿಯ ಕೊಲೆಯಾಗಿತ್ತು. ಕೊಂದ ರಾಯ್ ವೈಟಿಂಗ್ ಹೊಸ ಅಪರಾಧಿಯಲ್ಲ. 1995ರಲ್ಲಿ ಇನ್ನೊಬ್ಬ ಬಾಲಕಿಯನ್ನು ಅಪಹರಿಸಿ ಹಿಂಸಿಸಿದ್ದಕ್ಕೆ ನಾಲ್ಕು ವರ್ಷದ ಶಿಕ್ಷೆಯಾಗಿ, 1997ರಲ್ಲೇ ಬಿಡುಗಡೆಯಾಗಿದ್ದ. ಲೈಂಗಿಕ ಅಪರಾಧಿಗಳ ಸರ್ಕಾರಿ ಪಟ್ಟಿಯಲ್ಲಿ ಅವನ ಹೆಸರಿತ್ತು. ಇಷ್ಟೆಲ್ಲ ಗೊತ್ತಾದ ಮೇಲೆ, ಅಂಥವರು ಮಕ್ಕಳು ಓಡಾಡುವ ದಾರಿಯ ಪಕ್ಕದಲ್ಲೇ ಬಂದು ನೆಲೆಸುತ್ತಾರೆ ಎಂದರೆ ಯಾವ ತಾಯಿಗೆ ನಿದ್ದೆ ಬಂದೀತು?

ಆದರೆ ಅದೇ ಕಥೆಯಲ್ಲಿ ಇನ್ನೊಂದು ಸಂಗತಿಯಿದೆ. ಜೈಲಿನಲ್ಲಿದ್ದಾಗ ವೈಟಿಂಗ್ ಚಿಕಿತ್ಸಾ ಕಾರ್ಯಕ್ರಮಕ್ಕೆ ಒಪ್ಪಿರಲಿಲ್ಲ. ಚಿಕಿತ್ಸೆಯಿಲ್ಲದೆ, ಬಿಗಿಯಾದ ನಿಗಾ ಇಲ್ಲದೆ ಅವನು ಜನರ ನಡುವೆಯೇ ಬದುಕುತ್ತಿದ್ದ. ಅವನು ಬಂದು ನೆಲೆಸಲು ಯಾರ ಒಪ್ಪಿಗೆಯೂ ಬೇಕಿರಲಿಲ್ಲ, ಯಾವ ಬೀದಿಯಲ್ಲೂ ಪ್ರತಿಭಟನೆ ನಡೆದಿರಲಿಲ್ಲ.

ಸಿಲ್ವರ್‌ಲ್ಯಾಂಡ್ಸ್‌ಗೆ ಬರಬೇಕಿದ್ದದ್ದು ಹೊಸ ಕ್ಲಿನಿಕ್ ಅಲ್ಲ. ಅದೇ ಪ್ರಾಂತ್ಯದ ಎಪ್ಸಮ್‌ನಲ್ಲಿ, ಹಾರ್ಟನ್ ಮಾನಸಿಕ ಆಸ್ಪತ್ರೆಯ ಆವರಣದಲ್ಲಿ, 1995ರಿಂದ ವುಲ್ವರ್‌ಕೋಟ್ ಎಂಬ ಹೆಸರಿನಲ್ಲಿ ಅದು ನಡೆಯುತ್ತಿತ್ತು. ನಡೆಸುತ್ತಿದ್ದದ್ದು ಲೂಸಿ ಫೇತ್‌ಫುಲ್ ಫೌಂಡೇಶನ್. ಮಕ್ಕಳ ರಕ್ಷಣೆಗೆಂದೇ ಹುಟ್ಟಿದ ಸಂಸ್ಥೆ ಇದು. ಅಪರಾಧಿಯ ಮೇಲಿನ ಕನಿಕರ ಅದರ ಉದ್ದೇಶವಾಗಿರಲಿಲ್ಲ, ಮುಂದಿನ ಮಗುವನ್ನು ಉಳಿಸುವುದು ಉದ್ದೇಶವಾಗಿತ್ತು. ಇಂಥ ಚಿಕಿತ್ಸೆಯೆಂದರೆ ಮಾತ್ರೆ ಕೊಟ್ಟು ಮಲಗಿಸುವುದಲ್ಲ. ತಾನು ಮಾಡಿದ್ದನ್ನು ಹೆಜ್ಜೆಹೆಜ್ಜೆಯಾಗಿ ಗುಂಪಿನ ಮುಂದೆ ಹೇಳಬೇಕು. ಮಗುವೇ ಸಲಿಗೆ ಕೊಟ್ಟಿತು, ಕುಡಿದಿದ್ದೆ ಎಂಬಂಥ ನೆಪಗಳನ್ನು ಒಂದೊಂದಾಗಿ ಕಳಚಿಹಾಕುತ್ತಾರೆ. ಯಾವ ಸನ್ನಿವೇಶ ತನ್ನನ್ನು ಅಪರಾಧದತ್ತ ಒಯ್ಯುತ್ತದೆ ಎಂದು ಅವನೇ ಗುರುತಿಸುವಂತೆ ಮಾಡುತ್ತಾರೆ.

ಆಸ್ಪತ್ರೆಯ ಜಾಗ ಮನೆ ಕಟ್ಟಲು ಮಾರಾಟವಾಯಿತು, ಕ್ಲಿನಿಕ್ ಜಾಗ ಬಿಡಬೇಕಾಯಿತು. ಹೊಸ ಜಾಗ ಸಿಗದೆ 2002ರ ಜುಲೈನಲ್ಲಿ ಬಾಗಿಲು ಮುಚ್ಚಿತು. ಅದಕ್ಕೂ ಹಿಂದೆ ಬರ್ಮಿಂಗ್‌ಹ್ಯಾಮ್‌ನಲ್ಲಿ ರೇ ವೈರ್ 1988ರಲ್ಲಿ ತೆರೆದಿದ್ದ ಗ್ರೇಸ್‌ವೆಲ್ ಕ್ಲಿನಿಕ್ಕಿಗೂ ನೆರೆಹೊರೆಯ ವಿರೋಧವನ್ನು ಎದುರಿಸಿ ಉಳಿಯಲಾಗಿರಲಿಲ್ಲ.

ಚಿಕಿತ್ಸೆಯಿಂದ ಎಲ್ಲರೂ ಬದಲಾಗುತ್ತಾರೆ ಎಂದು ಹೇಳಿದರೆ ಅದು ಸುಳ್ಳಾಗುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಜೈಲುಗಳಲ್ಲಿ ವರ್ಷಗಟ್ಟಲೆ ನಡೆದ ಮುಖ್ಯ ಚಿಕಿತ್ಸಾ ಕಾರ್ಯಕ್ರಮವನ್ನು ಪರಿಶೀಲಿಸಿದ ಅಲ್ಲಿನ ನ್ಯಾಯ ಸಚಿವಾಲಯ 2017ರಲ್ಲಿ ಕಹಿ ವರದಿ ಕೊಟ್ಟಿತು. ಚಿಕಿತ್ಸೆ ಪಡೆದವರಲ್ಲಿ ಶೇ 10ರಷ್ಟು ಮಂದಿ ಮತ್ತೆ ಲೈಂಗಿಕ ಅಪರಾಧ ಎಸಗಿದ್ದರು. ಪಡೆಯದವರಲ್ಲಿ ಆ ಪ್ರಮಾಣ ಶೇ 8. ಕಾರ್ಯಕ್ರಮವನ್ನು ನಿಲ್ಲಿಸಿದರು. ಹಾಗಾದರೆ ಚೆರ್ಟ್ಸಿಯವರು ಹೇಳಿದ್ದೇ ಸರಿಯಾಯಿತೇ? ನನಗೆ ಹಾಗನ್ನಿಸುವುದಿಲ್ಲ. ಸೋತದ್ದು ಜೈಲಿನ ಒಂದು ಕಾರ್ಯಕ್ರಮ. ಆ ಜೈಲಿನಿಂದ ಹೊರಬಂದವನು ಎಲ್ಲಿ, ಯಾರ ಕಣ್ಣೆದುರು ಬದುಕಬೇಕು ಎಂಬ ಪ್ರಶ್ನೆ ಇದ್ದಲ್ಲೇ ಇದೆ.

ಅದಕ್ಕೆ ಒಂದು ದಾರಿ ಹೊಳೆದದ್ದು ಕೆನಡಾದಲ್ಲಿ. 1994ರಲ್ಲಿ ಒಂಟಾರಿಯೊದ ಹ್ಯಾಮಿಲ್ಟನ್‌ನಲ್ಲಿ, ಶಿಕ್ಷೆ ಮುಗಿಸಿ ಬಂದ ಅಪರಾಧಿಯೊಬ್ಬನ ವಿರುದ್ಧ ಊರು ಸಿಟ್ಟಿಗೆದ್ದಾಗ ಹ್ಯಾರಿ ನೈ ಎಂಬ ಮೆನೊನೈಟ್ ಪಾದ್ರಿ ಕೆಲವರನ್ನು ಜೊತೆಗೂಡಿಸಿಕೊಂಡು ಅವನ ಸುತ್ತ ನಿಂತರು. ಊಟ, ಬಾಡಿಗೆ ಮನೆ, ಒಂಟಿತನ ಎಲ್ಲದರಲ್ಲೂ ನೆರವು. ಅದರ ಜೊತೆಗೇ ಎಲ್ಲಿ ಹೋಗಿದ್ದೆ, ಯಾಕೆ ಹೋಗಿದ್ದೆ ಎಂಬ ನಿಷ್ಠುರ ವಿಚಾರಣೆ. ಈ ಪದ್ಧತಿ ಬ್ರಿಟನ್ನಿಗೂ ಬಂತು. ಅಮೆರಿಕದ ಮಿನ್ನೆಸೋಟಾದಲ್ಲಿ ಇದನ್ನು ಅಳೆದು ನೋಡಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಇಂಥ ಬಳಗದೊಳಗಿದ್ದವರು ಲೈಂಗಿಕ ಅಪರಾಧಕ್ಕಾಗಿ ಮತ್ತೆ ಬಂಧನಕ್ಕೊಳಗಾಗುವ ಅಪಾಯ ಶೇ 88ರಷ್ಟು ಕಡಿಮೆಯಾಗಿತ್ತು. ಅಧ್ಯಯನ ಚಿಕ್ಕದು, ಆದರೂ ಕಡೆಗಣಿಸುವಂಥದ್ದಲ್ಲ. ಅಲ್ಲಿ ಕಾವಲು ಕಾದವರು ಅಪರಾಧಿಯನ್ನು ಊರಾಚೆ ಅಟ್ಟಿದವರಲ್ಲ, ಅವನ ಹೆಸರು, ವಿಳಾಸ, ದಿನಚರಿ ಬಲ್ಲ ನೆರೆಯವರು.

ನಮ್ಮಲ್ಲಿ ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ದತ್ತಾಂಶ 2018ರಲ್ಲಿ ಶುರುವಾಯಿತು. ಅದು ತನಿಖಾ ಸಂಸ್ಥೆಗಳಿಗಷ್ಟೇ ತೆರೆದಿದೆ. ಪೋಕ್ಸೊ ಪ್ರಕರಣಗಳಲ್ಲಿ ಹತ್ತಕ್ಕೆ ಒಂಬತ್ತಕ್ಕಿಂತ ಹೆಚ್ಚಿನ ಆರೋಪಿಗಳು ಮಗುವಿಗೆ ಪರಿಚಿತರೇ ಎಂದು ಅಪರಾಧ ದಾಖಲೆಗಳ ಬ್ಯೂರೊ ವರ್ಷವರ್ಷವೂ ಹೇಳುತ್ತಿದೆ. ಬೀದಿಯ ತುದಿಯ ಕ್ಲಿನಿಕ್ಕನ್ನು ತಡೆದರೆ ಈ ಪರಿಚಿತರಿಂದ ರಕ್ಷಣೆ ಸಿಗುವುದಿಲ್ಲ.

ಚೆರ್ಟ್ಸಿಯಲ್ಲಿ ಸರ್ಕಾರ ಮಾಡಬೇಕಿದ್ದ ಮೊದಲ ಕೆಲಸ ಊರಿನವರನ್ನು ಒಳಗೆ ಕರೆದು ಕೂರಿಸುವುದಾಗಿತ್ತು: ಯಾರು ಬರುತ್ತಾರೆ, ರಾತ್ರಿ ಯಾರು ಕಾಯುತ್ತಾರೆ, ಒಬ್ಬ ಹೊರಗೆ ಕಾಲಿಟ್ಟರೆ ಯಾರಿಗೆ ತಿಳಿಯುತ್ತದೆ ಎಂಬುದಕ್ಕೆ ಉತ್ತರ ಕೊಟ್ಟು, ಉಸ್ತುವಾರಿ ಸಮಿತಿಯಲ್ಲಿ ಅವರಿಗೂ ಜಾಗ ಕೊಡುವುದಾಗಿತ್ತು. ಉತ್ತರ ತೃಪ್ತಿ ತಾರದಿದ್ದರೆ ಬೇಡ ಎನ್ನುವ ಹಕ್ಕು ಜನರಿಗೆ ಇದ್ದೇ ಇದೆ. ನಾಳೆ ನಿಮ್ಮ ಬಡಾವಣೆಯಲ್ಲೂ ಇಂಥ ಸಭೆ ಸೇರಿದರೆ ಹೋಗಿ, ಭಯವನ್ನು ಬಾಯಿಬಿಟ್ಟು ಹೇಳಿ. ಬೇಡ ಎಂದು ಕೈ ಎತ್ತುವ ಮುನ್ನ, ಇಲ್ಲಿ ಬೇಡವಾದ ಆ ಮನುಷ್ಯ ನಾಳೆ ರಾತ್ರಿ ಯಾರ ನಿಗಾದಲ್ಲಿ, ಎಲ್ಲಿ ಮಲಗುತ್ತಾನೆ ಎಂಬ ಪ್ರಶ್ನೆಯನ್ನೂ ಅದೇ ಸಭೆಯಲ್ಲಿ ಕೇಳಿ.