ಕೂಸಿನ ಹಾಲು ಯಾರ ಕೈಯಲ್ಲಿ?

'ಡಾಕ್ಟ್ರೇ, ಎದೆಹಾಲು ಸಾಲುತ್ತಿಲ್ಲ, ಯಾವ ಪುಡಿ ಕೊಡಲಿ?' ಬಾಣಂತಿಯರು ವೈದ್ಯರಲ್ಲಿ ಪದೇ ಪದೇ ಕೇಳುವ ಪ್ರಶ್ನೆಯಿದು. ಜತೆಗೆ ಬಂದ ಅತ್ತೆಯೋ ತಾಯಿಯೋ ಆಗಲೇ ಒಂದು ಡಬ್ಬಿಯ ಹೆಸರು ಹೇಳಿರುತ್ತಾರೆ. ಡಬ್ಬಿಯನ್ನು ಕೊಳ್ಳುವ ಮೊದಲು ಅದು ಯಾರಿಂದ ಬರುತ್ತದೆ, ಹೇಗೆ ನಮ್ಮ ಮನೆ ಸೇರುತ್ತದೆ ಎಂಬುದನ್ನು ತಿಳಿದುಕೊಳ್ಳುವುದು ಒಳ್ಳೆಯದು.

ಅಮೆರಿಕದ ಪಾಠ

ಅಮೆರಿಕದಲ್ಲಿ ಶಿಶುಗಳ ಹಾಲಿನ ಪುಡಿಯ ಮಾರುಕಟ್ಟೆಯ ಬಹುಪಾಲು ನಾಲ್ಕೇ ಕಂಪೆನಿಗಳ ಹಿಡಿತದಲ್ಲಿದೆ. ಬಡ ತಾಯಂದಿರಿಗೆ ಸರ್ಕಾರದ ಯೋಜನೆಯ ಮೂಲಕ ಕೊಡುವ ಪುಡಿಯ ಗುತ್ತಿಗೆ ಒಂದು ರಾಜ್ಯದಲ್ಲಿ ಒಂದೇ ಕಂಪೆನಿಗೆ ಸಿಗುತ್ತದೆ. ಹೊರದೇಶದ ಪುಡಿ ಒಳಬರಲು ಸುಂಕ ಮತ್ತು ನಿಯಮಗಳ ತಡೆ ಇತ್ತು. ಹೀಗಾಗಿ ಹೊಸಬರಿಗೆ ಅಲ್ಲಿ ಜಾಗವೇ ಇರಲಿಲ್ಲ.

2022ರ ಫೆಬ್ರವರಿಯಲ್ಲಿ ಮಿಷಿಗನ್ ರಾಜ್ಯದ ಸ್ಟರ್ಜಿಸ್ ಎಂಬ ಊರಿನಲ್ಲಿದ್ದ ಅಬಾಟ್ ಕಂಪೆನಿಯ ಕಾರ್ಖಾನೆ ನಿಂತುಹೋಯಿತು. ಕೆಲವು ಶಿಶುಗಳಿಗೆ 'ಕ್ರೋನೊಬ್ಯಾಕ್ಟರ್' ಎಂಬ ಬ್ಯಾಕ್ಟೀರಿಯಾದ ಸೋಂಕು ತಗುಲಿದ ದೂರುಗಳು ಬಂದಿದ್ದವು. ಕಾರ್ಖಾನೆಯೊಳಗೂ ಅದೇ ಜಾತಿಯ ಬ್ಯಾಕ್ಟೀರಿಯಾ ಕಂಡುಬಂದಿತ್ತು. ಮಕ್ಕಳ ಕಾಯಿಲೆಗೆ ಅಲ್ಲಿನ ಪುಡಿಯೇ ಕಾರಣವೆಂಬುದು ಸಾಬೀತಾಗಲಿಲ್ಲ. ಆದರೆ ಒಂದು ಕಾರ್ಖಾನೆಯ ಬಾಗಿಲು ಮುಚ್ಚಿದ್ದಕ್ಕೆ ಕೆಲವೇ ತಿಂಗಳಲ್ಲಿ ದೇಶದುದ್ದಕ್ಕೂ ಅಂಗಡಿಗಳ ಕಪಾಟು ಬರಿದಾದವು. ಮೇ ತಿಂಗಳಲ್ಲಿ ಸೇನೆಯ ವಿಮಾನದಲ್ಲಿ ಯೂರೋಪಿನಿಂದ ಪುಡಿ ತರಿಸಬೇಕಾಯಿತು. ಜಗತ್ತಿನ ಅತಿ ಸಿರಿವಂತ ದೇಶದಲ್ಲಿ ತಾಯಂದಿರು ಒಂದು ಡಬ್ಬಿಗಾಗಿ ಊರೂರು ಅಲೆದರು. ಮಗಳ, ಸೊಸೆಯ ಬಾಣಂತನಕ್ಕೆ ಅಮೆರಿಕಕ್ಕೆ ಹೋಗುವ ಅಜ್ಜಿಯಂದಿರು ನಮ್ಮ ಕರ್ನಾಟಕದಲ್ಲಿ ಎಷ್ಟೋ ಮಂದಿ ಇದ್ದಾರೆ. ಅವರೆಲ್ಲರೂ ಅರಿತಿರಬೇಕಾದ ಸಂಗತಿ ಇದು.

ಬಿಟ್ಟಿ ಡಬ್ಬಿಯ ಲೆಕ್ಕ

ಇಂಥ ಕಂಪೆನಿಗಳ ಬಲ ಒಂದು ದಿನದಲ್ಲಿ ಬೆಳೆದದ್ದಲ್ಲ. ಬಡ ದೇಶಗಳಲ್ಲಿ ಆಸ್ಪತ್ರೆಗಳ ಮೂಲಕ ಬಿಟ್ಟಿ ಡಬ್ಬಿ ಹಂಚುವುದು ಮಾರಾಟದ ಒಂದು ದಾರಿಯಾಗಿತ್ತು. ಬಿಟ್ಟಿ ಡಬ್ಬಿಯಲ್ಲಿ ಏನು ಕೆಡುಕು ಎಂದು ನೀವು ಕೇಳಬಹುದು. ಉತ್ತರ ನಮ್ಮ ಶರೀರದಲ್ಲೇ ಇದೆ. ಕೂಸು ಮೊಲೆ ಚೀಪಿದಷ್ಟೂ ತಾಯಿಯ ಮೆದುಳಿನ ಬುಡದಲ್ಲಿರುವ ಗ್ರಂಥಿ 'ಪ್ರೊಲ್ಯಾಕ್ಟಿನ್' ಎಂಬ ಹಾರ್ಮೋನನ್ನು ಸ್ರವಿಸುತ್ತದೆ. ಅದರಿಂದ ಹಾಲು ಉತ್ಪತ್ತಿಯಾಗುತ್ತದೆ. ಬಾಟಲಿಯಿಂದ ಹೊಟ್ಟೆ ತುಂಬಿದ ಕೂಸು ಕಡಿಮೆ ಚೀಪುತ್ತದೆ, ಹಾಲು ಕಡಿಮೆಯಾಗುತ್ತದೆ. ಮೊದಲ ಡಬ್ಬಿ ಮುಗಿಯುವ ಹೊತ್ತಿಗೆ ಎದೆಹಾಲು ಇಂಗಿರುತ್ತದೆ. ಎರಡನೆಯ ಡಬ್ಬಿಯನ್ನು ದುಡ್ಡು ಕೊಟ್ಟು ಕೊಳ್ಳಲೇಬೇಕು. ದುಡ್ಡು ಸಾಲದ ಮನೆಯಲ್ಲಿ ಪುಡಿಗೆ ನೀರು ಹೆಚ್ಚಾಗುತ್ತದೆ. ಆ ನೀರೂ ಶುದ್ಧವಲ್ಲದಿದ್ದರೆ ಭೇದಿ, ಕೃಶತೆ, ಕೆಲವೊಮ್ಮೆ ಸಾವು.

ಇದನ್ನು ಪ್ರತಿಭಟಿಸಿ 1977ರಲ್ಲಿ ಅಮೆರಿಕದಲ್ಲೇ ನೆಸ್ಲೆ ಕಂಪೆನಿಯ ಸರಕುಗಳ ಬಹಿಷ್ಕಾರ ಆರಂಭವಾಯಿತು. 1981ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆಯು ಎದೆಹಾಲಿಗೆ ಬದಲಿಯಾದ ಆಹಾರಗಳ ಮಾರಾಟಕ್ಕೆ ಅಂತರರಾಷ್ಟ್ರೀಯ ಸಂಹಿತೆಯನ್ನು ಅಂಗೀಕರಿಸಿತು. 118 ದೇಶಗಳು ಪರವಾಗಿದ್ದವು. ವಿರುದ್ಧ ಮತ ಹಾಕಿದ್ದು ಅಮೆರಿಕ ಒಂದೇ.

ನಮ್ಮ ದೇಶದಲ್ಲಿ 1992ರಲ್ಲಿ ಕಾನೂನೇ ಬಂತು. 2003ರಲ್ಲಿ ಅದನ್ನು ಇನ್ನೂ ಬಿಗಿಗೊಳಿಸಲಾಯಿತು. ಅದರಂತೆ ಎರಡು ವರ್ಷದೊಳಗಿನ ಮಕ್ಕಳ ಹಾಲಿನ ಪುಡಿ, ಶಿಶು ಆಹಾರ, ಬಾಟಲಿಗಳ ಜಾಹೀರಾತು ನಿಷಿದ್ಧ. ಬಿಟ್ಟಿ ಮಾದರಿ ಹಂಚುವಂತಿಲ್ಲ. ಡಬ್ಬಿಯ ಮೇಲೆ ಮಗುವಿನ ಚಿತ್ರ ಹಾಕುವಂತಿಲ್ಲ. ವೈದ್ಯರಿಗೆ, ದಾದಿಯರಿಗೆ ಕಾಣಿಕೆ ಕೊಡುವಂತಿಲ್ಲ. ಯಾರಾದರೂ ಕೊಟ್ಟರೆ ಬೇಡವೆನ್ನುವ ಹಕ್ಕು ನಿಮಗಿದೆ.

ಸಕ್ಕರೆಯ ವಿಷಯ

2024ರ ಏಪ್ರಿಲ್‌ನಲ್ಲಿ ಸ್ವಿಟ್ಜರ್ಲೆಂಡಿನ 'ಪಬ್ಲಿಕ್ ಐ' ಸಂಸ್ಥೆ ಒಂದು ವರದಿ ಪ್ರಕಟಿಸಿತು. ಭಾರತದಲ್ಲಿ ಮಾರುವ ಸೆರೆಲ್ಯಾಕ್‌ನಲ್ಲಿ ಒಂದು ಸಲ ಉಣಿಸುವಷ್ಟಕ್ಕೆ ಸರಾಸರಿ ಸುಮಾರು 3 ಗ್ರಾಂ ಸಕ್ಕರೆ ಬೆರೆಸಲಾಗಿದೆ, ಯೂರೋಪಿನಲ್ಲಿ ಅದೇ ಬಗೆಯ ಆಹಾರಕ್ಕೆ ಬೆರೆಸುವುದಿಲ್ಲ ಎಂದು ಅದು ಹೇಳಿತು. ತಾನು ಇಲ್ಲಿನ ನಿಯಮ ಪಾಲಿಸುತ್ತಿರುವುದಾಗಿಯೂ ಐದು ವರ್ಷಗಳಲ್ಲಿ ಸಕ್ಕರೆಯನ್ನು ಶೇ. 30ರವರೆಗೆ ಇಳಿಸಿರುವುದಾಗಿಯೂ ನೆಸ್ಲೆ ಉತ್ತರಿಸಿತು. ಸಂಸ್ಕರಿಸಿದ ಸಕ್ಕರೆ ಇಲ್ಲದ ಬಗೆಗಳನ್ನೂ ಅದೇ ವರ್ಷ ಪ್ರಕಟಿಸಿತು. ವೈದ್ಯನಾಗಿ ನನ್ನ ಮಾತು ಇಷ್ಟೆ: ಎರಡು ವರ್ಷದವರೆಗೆ ಮಗುವಿಗೆ ಸಕ್ಕರೆಯ ಅಗತ್ಯವಿಲ್ಲ. ಎಳವೆಯಲ್ಲಿ ಹತ್ತಿದ ಸಿಹಿಯ ರುಚಿ ಬಿಡಿಸುವುದು ಕಷ್ಟ.

ನೀವು ಮಾಡಬೇಕಾದ್ದು

ಹೆರಿಗೆಯಾದ ಒಂದು ಗಂಟೆಯೊಳಗೆ ಮೊಲೆಯೂಡಿಸಿ. ಮೊದಲ ದಿನಗಳ ಹಳದಿ ಗಿಣ್ಣು ಹಾಲನ್ನು ಹಿಂಡಿ ಚೆಲ್ಲಬೇಡಿ. ರೋಗ ತಡೆಯುವ ಶಕ್ತಿ ಅದರಲ್ಲಿದೆ. ಆರು ತಿಂಗಳು ಎದೆಹಾಲೊಂದೇ ಸಾಕು. ನೀರು, ಜೇನುತುಪ್ಪ ಯಾವುದೂ ಬೇಡ.

ಹಾಲು ಸಾಲುತ್ತಿದೆಯೇ ಎಂದು ತಿಳಿಯಲು ಕೂಸಿನ ಅಳುವನ್ನು ನಂಬಬೇಡಿ. ಮೊದಲ ವಾರ ಕಳೆದ ಮೇಲೆ ದಿನಕ್ಕೆ ಆರು ಸಲಕ್ಕಿಂತ ಹೆಚ್ಚು ಮೂತ್ರ ಮಾಡುತ್ತಿದ್ದು, ತೂಕ ಏರುತ್ತಿದ್ದರೆ ಹಾಲು ಸಾಲುತ್ತಿದೆ ಎಂದೇ ಅರ್ಥ. ಇಲ್ಲದಿದ್ದರೆ ಅಂಗಡಿಗಲ್ಲ, ವೈದ್ಯರ ಬಳಿಗೆ ಹೋಗಿ.

ಆರು ತಿಂಗಳ ನಂತರ ರಾಗಿ ಸರಿ, ನುಣ್ಣಗೆ ಕಿವುಚಿದ ಅನ್ನ-ಬೇಳೆ, ಬಾಳೆಹಣ್ಣು ಕೊಡಿ. ಎದೆಹಾಲನ್ನು ಎರಡು ವರ್ಷದವರೆಗೂ ಮುಂದುವರಿಸಿ.

ತಾಯಿಯಿಲ್ಲದ ಶಿಶುವಿಗೆ, ದತ್ತು ತಂದ ಶಿಶುವಿಗೆ, ಕ್ಯಾನ್ಸರಿನಂಥ ಕಾಯಿಲೆಗೆ ಔಷಧ ಪಡೆಯುತ್ತಿರುವ ತಾಯಿಯ ಶಿಶುವಿಗೆ ಪುಡಿ ಹಾಲು ಬೇಕಾಗಬಹುದು. ಅಂಥ ತಾಯಂದಿರನ್ನು ಯಾರೂ ಹಳಿಯಬಾರದು. ಪುಡಿ ವಿಷವಲ್ಲ. ಆದರೆ ಅದು ಪೂರ್ತಿ ಕ್ರಿಮಿರಹಿತವೂ ಅಲ್ಲ. ಕುದಿಸಿದ ನೀರು 70 ಡಿಗ್ರಿಗಿಂತ ಕಡಿಮೆ ಆಗುವ ಮೊದಲೇ ಪುಡಿ ಬೆರೆಸಿ, ಚೆನ್ನಾಗಿ ಆರಿಸಿ ಕೊಡಿ. ಡಬ್ಬಿಯಲ್ಲಿ ಹೇಳಿದ ಅಳತೆಯನ್ನು ಮೀರಬೇಡಿ, ತಗ್ಗಿಸಲೂಬೇಡಿ. ಬಾಟಲಿಗಿಂತ ತೊಳೆಯಲು ಸುಲಭವಾದ ಲೋಟ-ಚಮಚ ಅಥವಾ ನಮ್ಮ ಹಳೆಯ ಒಳಲೆ ಲೇಸು.

ಕಾರ್ಖಾನೆ ಮುಚ್ಚಬಹುದು, ಬೆಲೆ ಏರಬಹುದು, ಕಪಾಟು ಬರಿದಾಗಬಹುದು. ಎದೆಹಾಲಿಗೆ ಈ ಯಾವ ಭಯವೂ ಇಲ್ಲ. ಅದು ಇಂಗದಂತೆ ನೋಡಿಕೊಳ್ಳುವುದು ತಾಯಿಯೊಬ್ಬಳ ಹೊಣೆಯಲ್ಲ. ಅವಳಿಗೆ ಹೊತ್ತಿಗೆ ಸರಿಯಾಗಿ ಊಟ, ಒಂದಿಷ್ಟು ನಿದ್ದೆ, 'ನಿನಗೆ ಹಾಲು ಸಾಲದು' ಎನ್ನದ ಮನೆಮಂದಿ ಬೇಕು. ಇವಿಷ್ಟನ್ನು ಕೊಡುವುದು ನಿಮ್ಮ ಕೈಯಲ್ಲೇ ಇದೆ.